ಮಲೆನಾಡಿನ ರಸ್ತೆಗೆ ಯಾವ ಸ್ಪೋರ್ಟ್ಸ್ ಕಾರು? ಮಸ್ಟಾಂಗ್, ಝಡ್4, ಎಂ340ಐ, ಗಾಲ್ಫ್ ಜಿಟಿಐ

ಪ್ರಶ್ನೆ (ಶಿವಮೊಗ್ಗ):
ನಮಸ್ಕಾರ. ಹನ್ನೆರಡು ವರ್ಷದಿಂದ ಒಂದೇ ಆಸೆಗೆ ದುಡ್ಡು ಕೂಡಿಡುತ್ತಾ ಬಂದಿದ್ದೇನೆ. ಟ್ಯಾಕ್ಸು, ಇನ್ಶೂರೆನ್ಸ್ ಎಲ್ಲಾ ಸೇರಿ 70 ಲಕ್ಷದವರೆಗೆ ಹಾಕಬಲ್ಲೆ. ತೋಟ ಇರುವುದು ತೀರ್ಥಹಳ್ಳಿಯಿಂದ ಆಚೆ. ವಾರಕ್ಕೆ ಎರಡು ಸಲ ಆ ದಾರಿ, ತಿಂಗಳಿಗೊಮ್ಮೆ ಆಗುಂಬೆ ಘಾಟಿ ಇಳಿದು ಉಡುಪಿಯ ಅಕ್ಕನ ಮನೆ.

ಸೆಕೆಂಡ್ ಹ್ಯಾಂಡ್ ಆದರೆ ಫೋರ್ಡ್ ಮಸ್ಟಾಂಗ್, ಬಿಎಂಡಬ್ಲ್ಯೂದ ಇಬ್ಬರೇ ಕೂರುವ ಝಡ್4 ಎಂ40ಐ ಅಥವಾ ನಾಲ್ಕು ಬಾಗಿಲಿನ ಎಂ340ಐ. ಹೊಸದು ಸಿಕ್ಕರೆ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ. ಸೊನ್ನೆಯಿಂದ ಗಂಟೆಗೆ ನೂರು ಕಿಮೀ ವೇಗ ಮುಟ್ಟಲು ಝಡ್4 4.5 ಸೆಕೆಂಡ್, ಎಂ340ಐ 4.4, ಗಾಲ್ಫ್ 5.9. ಹಾಗಾದರೆ ಗಾಲ್ಫ್ ಬಿಟ್ಟುಬಿಡಬೇಕಾ? ಈ ದಾರಿಯಲ್ಲಿ ಓಡಿಸಿದವರು ಹೇಳಿ.

ಉತ್ತರ 1 (ಸಾಗರ):
ಮಸ್ಟಾಂಗ್ ತಗೊಳ್ಳಿ. 5 ಲೀಟರ್ ವಿ8 (ಎಂಟು ಸಿಲಿಂಡರ್) ಎಂಜಿನ್, ಸುಮಾರು 400 ಕುದುರೆ ಶಕ್ತಿ. 2016ರಲ್ಲಿ ಬಂದಾಗ ಶೋರೂಂ ಬೆಲೆಯೇ 65 ಲಕ್ಷ ಇತ್ತು. ಆ ಸದ್ದು ಈಗಿನ ಯಾವ ಟರ್ಬೋ ಕಾರಿನಲ್ಲೂ ಸಿಗುವುದಿಲ್ಲ. ಇನ್ನು ಕೆಲವು ವರ್ಷ ಬಿಟ್ಟರೆ ಹುಡುಕಿದರೂ ಸಿಗಲ್ಲ.

ಉತ್ತರ 2 (ತೀರ್ಥಹಳ್ಳಿ):
ನಾನು 2018ರಿಂದ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 230 ಓಡಿಸುತ್ತಿದ್ದೇನೆ. ನಿಮ್ಮದೇ ದಾರಿ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಆ ಸೊನ್ನೆಯಿಂದ ನೂರನ್ನು ಮರೆತುಬಿಡಿ. ಗಾಜನೂರು ದಾಟಿದ ಮೇಲೆ ಅದನ್ನು ಎಲ್ಲಿ ಹೊಡೀತೀರಿ? ಸಕ್ರೆಬೈಲಿನಲ್ಲಿ ಆನೆ ನೋಡಲು ಬಂದವರ ಗಾಡಿಗಳು, ಮಂಡಗದ್ದೆಯಲ್ಲಿ ಹಕ್ಕಿ ನೋಡುವವರು, ನಡುವೆ ತಿರುವಿನ ಮೇಲೆ ತಿರುವು. ಇಲ್ಲಿ ಬೇಕಾಗುವುದು ಬೇರೆಯದೇ. ಬಸ್ಸಿನ ಹಿಂದೆ 40ರಲ್ಲಿ ಹೋಗುತ್ತಿದ್ದೀರಿ, ಮುಂದೆ ಒಂದು ತುಂಡು ನೇರ ರಸ್ತೆ ಕಾಣಿಸಿತು. ಅಷ್ಟರಲ್ಲೇ 80 ಮುಟ್ಟಿ ಎಡಕ್ಕೆ ಬಂದುಬಿಡಬೇಕು. ನನ್ನ ಕಾರಿನ 350 ಎನ್‌ಎಂ ಟಾರ್ಕ್, ಅಂದರೆ ಚಕ್ರ ತಿರುಗಿಸುವ ಬಲ, ಎಂಜಿನ್ ಇನ್ನೂ ನಿಧಾನ ತಿರುಗುವಾಗಲೇ, 1500 ಆರ್‌ಪಿಎಂಗೇ ಪೂರ್ತಿ ಸಿಗುತ್ತದೆ. ಕಾಲಿಟ್ಟರೆ ಸಾಕು, ಎಳೆಯುತ್ತದೆ. ಗಾಲ್ಫ್‌ನಲ್ಲಿ 370 ಎನ್‌ಎಂ, 265 ಪಿಎಸ್ (ಕುದುರೆ ಶಕ್ತಿ). ಈ ರಸ್ತೆಗೆ ಅದು ಧಾರಾಳ ಆಯ್ತು.

ಮಸ್ಟಾಂಗ್ ಅಗಲ ಕನ್ನಡಿ ಬಿಟ್ಟೇ 1.9 ಮೀಟರ್. ಆಗುಂಬೆಯ 14 ಹೇರ್‌ಪಿನ್‌ನಲ್ಲಿ ಎದುರಿಗೆ ಬಸ್ಸು ಬಂದರೆ ಹಿಂದೆ ಸರಿಯುವವರು ನೀವೇ. ಫೋರ್ಡ್ ಇಲ್ಲಿ ಕಾರು ಮಾಡುವುದನ್ನು 2021ರಲ್ಲೇ ನಿಲ್ಲಿಸುವುದಾಗಿ ಹೇಳಿತು. ಬಿಡಿಭಾಗಕ್ಕೆ ಕಾಯುವ ತಾಳ್ಮೆ ನಿಮಗಿದೆಯಾ?

ಝಡ್4 ನನಗೂ ತುಂಬಾ ಇಷ್ಟ. ಆದರೆ ನೆಲದಿಂದ ಎತ್ತರ 114 ಮಿಮೀ ಅಷ್ಟೇ. ಬಣ್ಣ ಬಳಿಯದ ಒಂದು ರೋಡ್ ಹಂಪ್ ತಾಗಿ ನನ್ನ ಕಾರಿನ ಮುಂದಿನ ಬಂಪರ್ ಕೆಳಗಿನ ಅಂಚೇ ಕಿತ್ತುಬಂದಿತ್ತು, ಅದೂ ನಿಧಾನವಾಗಿ ಹೋಗುವಾಗ. ನನ್ನದು ಝಡ್4ಗಿಂತ ಎತ್ತರದ ಕಾರು. ಜೊತೆಗೆ ಝಡ್4 ಹಿಂದಿನ ಚಕ್ರಕ್ಕೆ ಶಕ್ತಿ ಕೊಡುವ ಗಾಡಿ. ಜುಲೈ ತಿಂಗಳಲ್ಲಿ ಒದ್ದೆ ಎಲೆ, ಪಾಚಿ ಹಿಡಿದ ತಿರುವಿನಲ್ಲಿ 500 ಎನ್‌ಎಂ ಎಂದರೆ ಪ್ರತಿ ಸಲ ಕಾಲು ಬಿಗಿ ಹಿಡಿದೇ ಓಡಿಸಬೇಕು.

ನನ್ನನ್ನು ಕೇಳಿದರೆ ಎಂ340ಐ. ನಾಲ್ಕೂ ಚಕ್ರಕ್ಕೆ ಶಕ್ತಿ, ಅಕ್ಕನ ಮನೆಗೆ ಅಪ್ಪ ಅಮ್ಮನನ್ನೂ ಕೂರಿಸಿಕೊಂಡು ಹೋಗಬಹುದು.

ಪ್ರಶ್ನೆ ಕೇಳಿದವರು:
ಝಡ್4 2023ರಲ್ಲಿ 89.30 ಲಕ್ಷ, ಎಂ340ಐ 2022ರ ಕೊನೆಗೆ 69.20 ಲಕ್ಷ. ಎರಡರಲ್ಲೂ ಅದೇ 3 ಲೀಟರ್ ಆರು ಸಿಲಿಂಡರ್ ಎಂಜಿನ್ ಅಲ್ವಾ? 20 ಲಕ್ಷ ವ್ಯತ್ಯಾಸ ಯಾಕೆ?

ಉತ್ತರ 2 (ತೀರ್ಥಹಳ್ಳಿ):
ಹೌದು, ಅದೇ ಎಂಜಿನ್. ಝಡ್4ನಲ್ಲಿ 340 ಕುದುರೆ ಶಕ್ತಿ, ಎಂ340ಐನಲ್ಲಿ 374. ಆದರೆ ಝಡ್4 ಆಸ್ಟ್ರಿಯಾದ ಗ್ರಾಜ್‌ನಲ್ಲಿ ತಯಾರಾಗಿ ಪೂರ್ತಿ ಕಾರಾಗಿಯೇ ಬರುತ್ತಿತ್ತು, ಆಮದು ಸುಂಕ ಜಾಸ್ತಿ. ಎಂ340ಐ ಜೋಡಣೆ ಆಗುವುದು ಚೆನ್ನೈನಲ್ಲಿ. ನೀವು ಕೊಡುವ ಹೆಚ್ಚಿನ ದುಡ್ಡಲ್ಲಿ ದೊಡ್ಡ ಪಾಲು ಸುಂಕಕ್ಕೆ ಹೋಗುತ್ತದೆ, ವೇಗಕ್ಕಲ್ಲ.

ಹೊಸ ಕಾರಿಗೆ ಇನ್ನೊಂದು ಲೆಕ್ಕ ಇದೆ. ನಮ್ಮ ರಾಜ್ಯದಲ್ಲಿ 20 ಲಕ್ಷ ದಾಟಿದ ಪೆಟ್ರೋಲ್ ಕಾರಿಗೆ 18% ರಸ್ತೆ ತೆರಿಗೆ, ಅದರ ಮೇಲೆ ಸೆಸ್. ಗಾಲ್ಫ್ 2025ರಲ್ಲಿ ಬಂದಾಗ 53 ಲಕ್ಷ. ಅದಕ್ಕೆ ತೆರಿಗೆಯೇ ಹತ್ತು ಲಕ್ಷದ ಹತ್ತಿರ. ಕರ್ನಾಟಕದಲ್ಲೇ ನೋಂದಣಿ ಆದ ಸೆಕೆಂಡ್ ಹ್ಯಾಂಡ್ ಕಾರಿಗೆ ಇದನ್ನು ಮೊದಲ ಮಾಲೀಕರು ಕಟ್ಟಿರುತ್ತಾರೆ.

ಉತ್ತರ 3 (ಭದ್ರಾವತಿ, ಟೈರ್ ಅಂಗಡಿ):
ಸೆಕೆಂಡ್ ಹ್ಯಾಂಡ್ ನೋಡಲು ಹೋದಾಗ ಬಾನೆಟ್ ಎತ್ತುವ ಮೊದಲು ಟೈರ್ ನೋಡಿ. ಪಕ್ಕದ ಗೋಡೆಯ ಮೇಲೆ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಇಂಥ ಕಾರುಗಳು ಶೆಡ್‌ನಲ್ಲಿ ನಿಂತಿರುವುದೇ ಜಾಸ್ತಿ. ಟೈರ್ ಮೇಲಿನ ಗೀರು ಆಳವಾಗಿ ಹೊಸದರಂತೆ ಕಾಣುತ್ತದೆ, ರಬ್ಬರ್ ಮಾತ್ರ ಗಟ್ಟಿಯಾಗಿರುತ್ತದೆ. ಮಳೆಯಲ್ಲಿ ಅದು ಹಿಡಿಯುವುದಿಲ್ಲ.

ಬ್ರೇಕ್ ಆಯಿಲ್ ಯಾವಾಗ ಬದಲಿಸಿದ್ದಾರೆ ಅಂತಲೂ ಕೇಳಿ. ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ, ನಮ್ಮ ಕಡೆ ತೇವಕ್ಕೇನು ಕಡಿಮೆ? ನೀರು ಸೇರಿದ ಆಯಿಲ್ ಘಾಟಿ ಇಳಿಯುವಾಗ ಕಾದು ಕುದಿಯುತ್ತದೆ. ಆಗ ಪೆಡಲ್ ಒತ್ತಿದರೆ ಸುಮ್ನೆ ಕೆಳಗೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಲೇಬೇಕು.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದ. ಬೆಂಗಳೂರಿನಲ್ಲಿ 2022ರ ಕೊನೆಯ ಒಂದು ಎಂ340ಐ ಇದೆ, ನೀಲಿ ಬಣ್ಣ. ಭಾನುವಾರ ಬೆಳಗಿನ ರೈಲಿಗೆ ಹೋಗುತ್ತಿದ್ದೇನೆ. ಟೈರ್ ಅಂಕಿಯ ಫೋಟೋ ಇಲ್ಲೇ ಹಾಕುತ್ತೇನೆ, ಭದ್ರಾವತಿಯವರು ದಯವಿಟ್ಟು ನೋಡಿ ಹೇಳಿ.