ಚೆಬಿಶೆವ್, ಚೆಬಿಚೆಫ್, ಚೆಬಿಶೋಫ್: ನೋಟ್ಸಿನಲ್ಲಿ ಯಾವುದು ಬರೆಯಲಿ?

ಗದಗದಿಂದ, ಬಿ.ಎಸ್ಸಿ. ವಿದ್ಯಾರ್ಥಿನಿ:
ಜೂನಿಯರ್‌ಗಳಿಗೆ ಅಂತ ಸ್ಟ್ಯಾಟಿಸ್ಟಿಕ್ಸ್ ನೋಟ್ಸ್ ಕನ್ನಡದಲ್ಲಿ ಬರೀತಿದ್ದೇನೆ. ಅಂಕಿಗಳ ಹಂಚಿಕೆ ಎಂಥದ್ದೇ ಇರಲಿ, ಸರಾಸರಿಯ ಆಚೀಚೆ ಎರಡು ಸ್ಟ್ಯಾಂಡರ್ಡ್ ಡೀವಿಯೇಶನ್ (ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನೋ ಅಳತೆ) ಒಳಗೆ ಕಡಿಮೆ ಅಂದ್ರೂ ಮುಕ್ಕಾಲು ಪಾಲು ಇರುತ್ತೆ ಅನ್ನೋ ಚೆಬಿಶೆವ್ ಅಸಮಾನತೆ ಇದೆಯಲ್ಲ, ಅದರ ಹೆಸರಲ್ಲೇ ಸಿಕ್ಕಿಕೊಂಡಿದ್ದೇನೆ. ಒಂದು ಪುಸ್ತಕದಲ್ಲಿ ಇಂಗ್ಲಿಷ್ ಸಿ-ಎಚ್‌ನಿಂದ ಶುರು, ಇನ್ನೊಂದರಲ್ಲಿ ಟಿ-ಸಿ-ಎಚ್. ಕೊನೆಗೆ ಒಂದು ಕಡೆ ವಿ, ಒಂದು ಕಡೆ ಎರಡು ಎಫ್. ಎಲ್ಲ ಒಬ್ಬರೇನಾ?

ಹುಬ್ಬಳ್ಳಿಯಿಂದ, ಡಿಟಿಪಿ ಕೆಲಸದವನು:
ಒಬ್ಬರೇ ರೀ. ಯಾವುದಾದ್ರೂ ಒಂದು ಹಿಡೀರಿ, ಕಡೀತನಕ ಅದನ್ನೇ ಬರೀರಿ. ನಡುವೆ ಬದಲಿಸಿದ್ರೆ ಪ್ರೂಫ್ ನೋಡೋರ ತಲಿ ಕೆಡ್ತದ.

ಧಾರವಾಡದಿಂದ, ನಿವೃತ್ತ ಮಾಸ್ತರ:
ತಂಗಿ, ಅವರು ರಷ್ಯದ ಗಣಿತಜ್ಞ ಪಾಫ್ನೂತಿ ಚೆಬಿಶೆವ್, 1821ರಿಂದ 1894. ತಮ್ಮ ಹೆಸರನ್ನು ಅವರು ಬರೆದದ್ದು ರಷ್ಯನ್ ಲಿಪಿಯಲ್ಲಿ. ಅಲ್ಲಿ 'ಚ'ಕ್ಕೆ ಒಂದೇ ಅಕ್ಷರ. ಅದನ್ನು ಫ್ರೆಂಚರು ಟಿ-ಸಿ-ಎಚ್ ಅಂತಾರೆ, ಜರ್ಮನ್ನರು ಟಿ-ಎಸ್-ಸಿ-ಎಚ್, ಇಂಗ್ಲಿಷಿನವರು ಸಿ-ಎಚ್. ಅವರು ಫ್ರೆಂಚಿನಲ್ಲೂ ಲೇಖನ ಬರೀತಿದ್ರು, ಹಾಗಾಗಿ ಆ ಕಾಗುಣಿತ ಜಾಸ್ತಿ ಹರಡಿತು. ಅವರ ಹೆಸರಿನ ಪಾಲಿನಾಮಿಯಲ್‌ಗಳಿಗೆ (ಬಹುಪದೋಕ್ತಿಗಳಿಗೆ) ಇವತ್ತಿಗೂ ಟಿ ಅಂತ ಗುರುತು ಹಾಕೋದು ಅದಕ್ಕೇ.

ಕೊನೇ ಅಕ್ಷರ 'ವ', ಆದರೆ ಪದದ ತುದಿಯಲ್ಲಿ ರಷ್ಯನ್ನರು ಅದನ್ನು 'ಫ್' ಅಂತ ನುಡೀತಾರೆ. ಎರಡು ಎಫ್ ಬರೆದವರೇನು ಸುಮ್ನೆ ಬರೆದದ್ದಲ್ಲ. ಇನ್ನು ನಡುವಿನ 'ಶೆ' ನಿಜಕ್ಕೂ 'ಶೋ'. ಆ ಸ್ವರದ ಮೇಲೆ ಎರಡು ಚುಕ್ಕಿ ಇರಬೇಕು. ರಷ್ಯನ್ ಅಚ್ಚಿನಲ್ಲಿ ಚುಕ್ಕಿ ಬಿಡೋದು ರೂಢಿ, ಹೊರಗಿನವರು 'ಎ' ಅಂತ ಓದಿಬಿಟ್ಟರು. ನಮ್ಮ ಪತ್ರಿಕೆಗಳ ಗೋರ್ಬಚೆವ್ ಕಥೆಯೂ ಇದೇ, ಅಲ್ಲಿಯವರ ಬಾಯಲ್ಲಿ ಅದು ಗರ್ಬಚೋಫ್.

ಕಾಗುಣಿತಕ್ಕಿಂತ ನನಗೆ ಬೇಜಾರಾಗೋದು ಬೇರೆ. ಫ್ರಾನ್ಸಿನ ಬಿಯೆನೆಮೆ ಇದೇ ಅಸಮಾನತೆಯನ್ನು 1853ರಲ್ಲೇ ಕೊಟ್ಟಿದ್ದರು. ಚೆಬಿಶೆವ್ ಲೇಖನ 1867ರದ್ದು. ಆ ಹೆಸರನ್ನು ನಮ್ಮ ಕ್ಲಾಸಿನಲ್ಲಿ ಯಾರೂ ಎತ್ತೋದೇ ಇಲ್ಲ! ನಿನ್ನ ನೋಟ್ಸಿನಲ್ಲಿ ಒಂದು ಸಾಲು ಹಾಕು.

ಗದಗದಿಂದ:
ಹಾಕ್ತೇನೆ ಸರ್. ಹಾಗಾದ್ರೆ ಒಂದು ಹಳೇ ಪುಸ್ತಕದಲ್ಲಿ ಕಂಡ 'ಮಾರ್ಕಾಫ್' ಅಂದ್ರೆ ನಮ್ಮ ಮಾರ್ಕೋವ್ ಚೈನಿನವರೇ (ಮುಂದಿನ ಹಂತ ಈಗಿನ ಹಂತದ ಮೇಲಷ್ಟೇ ನಿಂತಿರೋ ಸಂಭವನೀಯತೆಯ ಸರಪಳಿ) ಅಲ್ವಾ?

ಧಾರವಾಡದಿಂದ:
ಅವರೇ. ಚೆಬಿಶೆವ್ ಅವರ ಶಿಷ್ಯ. ಇನ್ನೊಬ್ಬ ರಷ್ಯನ್ ಗಣಿತಜ್ಞ ಕೊಲ್ಮೊಗೊರೊವ್ ಅವರ 1933ರ ಜರ್ಮನ್ ಪುಸ್ತಕದ ಮೇಲೂ ಹೆಸರಿನ ಕೊನೆಗೆ ಎರಡು ಎಫ್ ಇದೆ. ನೀನು 'ಚೆಬಿಶೆವ್' ಅಂತಲೇ ಬರಿ, ಹುಡುಗರಿಗೆ ರೂಢಿ ಇರೋದು ಅದೇ. ಮೊದಲ ಸಲ ಬಂದಾಗ ಮಾತ್ರ ಉಳಿದ ರೂಪಗಳನ್ನೂ ಬರೆದಿಡು. ಲೈಬ್ರರಿಯ ಹಳೇ ಪುಸ್ತಕದ ಸೂಚಿಯಲ್ಲಿ 'ಸಿ' ಕೆಳಗೆ ಸಿಗದಿದ್ದರೆ 'ಟಿ' ಕೆಳಗೆ ಹುಡುಕಲಿ.