ಸಹಾಯ ಬೇಕು: ಆರು ವಾರವಾದರೂ ಮಾಯದ ಅಂಗಾಲಿನ ಹುಣ್ಣು

ಎಲ್ಲರಿಗೂ ನಮಸ್ಕಾರ. ಸಕ್ಕರೆ ಕಾಯಿಲೆಯ ರೈತರೊಬ್ಬರಿಗೆ ಬಲಗಾಲಿನ ಹೆಬ್ಬೆರಳ ಬುಡದಲ್ಲಿ, ಅಂಗಾಲಿನ ಕಡೆ, ಹುಣ್ಣಾಗಿದೆ. ಮೊದಲು 3 × 2 ಸೆಂ.ಮೀ. ಇತ್ತು, ಈಗ 2.8 × 1.9. ನಾಲ್ಕು ವಾರದೊಳಗೇ ವಿಸ್ತೀರ್ಣ ಅರ್ಧಕ್ಕಿಳಿಯಬೇಕಿತ್ತು.

ಗಾಯ ಉರಿಯೂತದ ಹಂತದಲ್ಲೇ ಸಿಕ್ಕಿಕೊಂಡಿದೆ. ಮಾಮೂಲಿ ಗಾಯದಲ್ಲಿ ಮೊದಲು ಬರುವ ಬಿಳಿ ರಕ್ತಕಣಗಳಾದ ನ್ಯೂಟ್ರೋಫಿಲ್‌ಗಳು ಎರಡು-ಮೂರು ದಿನ ಕಸ ಗುಡಿಸಿ ಹೋಗುತ್ತವೆ, ಆಮೇಲೆ ಇನ್ನೊಂದು ಬಗೆಯ ರಕ್ಷಣಾ ಕೋಶಗಳಾದ ಮ್ಯಾಕ್ರೋಫೇಜ್‌ಗಳು ಹೊಸ ಮಾಂಸ ಕಟ್ಟಿಸುತ್ತವೆ. ಇಂಥ ಹುಣ್ಣಲ್ಲಿ ನ್ಯೂಟ್ರೋಫಿಲ್‌ಗಳು ಜಾಗ ಬಿಡುವುದಿಲ್ಲ. ಅವು ಸುರಿಸುವ ಕಿಣ್ವಗಳು ಆಗ ತಾನೇ ಹೆಣೆದ ಪ್ರೋಟೀನ್ ನಾರು ಕೊಲ್ಯಾಜನ್ನನ್ನೇ ಕರಗಿಸುತ್ತವೆ. ತಳ ಮಾಸಲು ಕೆಂಪು, ಮೇಲೆ ಹಳದಿ ಲೋಳೆ, ಸುತ್ತ ಬಿಳಿ ಆಣಿ ಕಟ್ಟಿದ ಅಂಚು.

ವಾರಕ್ಕೊಮ್ಮೆ ಸತ್ತ ಮಾಂಸ, ಆಣಿ ಕೆತ್ತಿ, ಸಲೈನ್‌ನಲ್ಲಿ ತೊಳೆದು ಡ್ರೆಸ್ಸಿಂಗ್ ಆಗುತ್ತಿದೆ. ಗಾಯದ ಆಳ ನೋಡುವ ಕಡ್ಡಿ (ಪ್ರೋಬ್) ಮೂಳೆಗೆ ತಾಗುತ್ತಿಲ್ಲ, ಎಕ್ಸ್‌ರೇ ಸರಿಯಿದೆ. ಸ್ಪರ್ಶಜ್ಞಾನ ಪರೀಕ್ಷಿಸುವ ನೈಲಾನ್ ಎಳೆ (10 ಗ್ರಾಂ ಮೋನೋಫಿಲಮೆಂಟ್) ಒತ್ತಿದರೆ ಮಾತ್ರ ಗೊತ್ತಾಗುವುದಿಲ್ಲ. ನೋವಿಲ್ಲವಲ್ಲ, ಹವಾಯಿ ಚಪ್ಪಲಿಯಲ್ಲೇ ಗದ್ದೆಗೆ ಹೋಗುತ್ತಾರೆ. ಎಡವಟ್ಟೆಲ್ಲ ಇಲ್ಲೇ: ಹೆಜ್ಜೆ ಹೆಜ್ಜೆಗೂ ಗಾಯ ಮತ್ತೆ ಜಜ್ಜಿಹೋಗುತ್ತದೆ. ಮನೆಯಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಬೇರೆ ಸುರಿಯುತ್ತಿದ್ದರು (ಹೊಸ ಜೀವಕೋಶಗಳನ್ನೂ ಸುಡುತ್ತದೆ), ಅದನ್ನು ನಿಲ್ಲಿಸಿಯಾಗಿದೆ.

ಶಿವಮೊಗ್ಗದ ಸುತ್ತಮುತ್ತ ಟೋಟಲ್ ಕಾಂಟ್ಯಾಕ್ಟ್ ಕಾಸ್ಟ್ (ಗಾಯದ ಮೇಲಿನ ಭಾರ ಇಳಿಸಲು ಪಾದ, ಕಾಲಿಗೆ ಅಂಟಿ ಕೂರುವ ಪಟ್ಟು) ಹಾಕಿ, ವಾರವಾರ ಬದಲಿಸಿಕೊಡುವವರು ಯಾರಿದ್ದಾರೆ? ಗಾಯ ಮಾಯ್ದ ಮೇಲೆ ಅಳತೆ ಕೊಟ್ಟು ಎಂಸಿಆರ್ (ಮೆತ್ತನೆಯ ಮೈಕ್ರೋಸೆಲ್ಯುಲರ್ ರಬ್ಬರ್) ಚಪ್ಪಲಿ ಮಾಡಿಸಬೇಕು, ರೆಡಿಮೇಡ್ ಆಗುವುದಿಲ್ಲ. ಪಾದಕ್ಕೆ ರಕ್ತ ಸಾಕಷ್ಟು ಹರಿಯುತ್ತಿದೆಯೇ ನೋಡಲು ಕಾಲ್ಬೆರಳಿನ ರಕ್ತದೊತ್ತಡ ಅಳೆಯುವ ಕಡೆ ಗೊತ್ತಿದ್ದರೂ ತಿಳಿಸಿ. ಸಕ್ಕರೆಯವರಲ್ಲಿ ರಕ್ತನಾಳ ಗಡುಸಾಗಿ ಕಣಕಾಲಿನಲ್ಲಿ ಅಳೆದ ರಕ್ತದೊತ್ತಡ ಎಷ್ಟೋ ಸಲ ಸುಳ್ಳು ಹೇಳುತ್ತದೆ. ಎಣ್ಣೆ, ಅರಿಶಿನದ ಸಲಹೆ ದಯವಿಟ್ಟು ಬೇಡ.