ಗಾಳಕ್ಕೆಂದು ಸಾಕಿದ ಸಣ್ಣ ಮೀನು ಪ್ರತಿ ಬುಧವಾರ ಸಾಯುತ್ತಿವೆ!

ಧಾಯರಿ ಗಾಳ:

ಎಲ್ಲರಿಗೂ ನಮಸ್ಕಾರ. ನನ್ನೂರು ರಾಣೆಬೆನ್ನೂರಿನ ಹತ್ತಿರ. ಹನ್ನೊಂದು ವರ್ಷದಿಂದ ಪುಣೆಯಲ್ಲಿದ್ದೇನೆ, ಸಿಂಹಗಡ ರೋಡಿನ ಧಾಯರಿಯಲ್ಲಿ. ತಿಂಗಳಿಗೆ ಎರಡು ಸಲ ಗಾಳ ತಗೊಂಡು ಭಿಗವಣ್ ಕಡೆ ಉಜನಿ ಹಿನ್ನೀರಿಗೆ ಹೋಗುತ್ತೇನೆ. ಆಸೆ ಕೊರಮೀನಿನ ಮೇಲೆ. ಇಲ್ಲಿಯವರು ಅದನ್ನು ಮರಳ ಅಂತಾರೆ. ಆದರೆ ಎರೆಹುಳ ಸಿಕ್ಕಿಸಿದರೆ ಸಾಕು, ಚಿಲಾಪಿ ಬಂದು ಕಚ್ಚಿಕೊಂಡು ಹೋಗುತ್ತೆ. ಚಿಲಾಪಿ ಅಂದ್ರೆ ನಮ್ಮ ಜಿಲೇಬಿ ಮೀನೇ. ಕೊರಮೀನು ಬೇಕು ಅಂದ್ರೆ ಕೊಕ್ಕೆಯಲ್ಲಿ ಜೀವಂತ ಮೀನೇ ಆಡುತ್ತಿರಬೇಕು.

ಅದಕ್ಕೆ ಮನೆಯಲ್ಲೇ ಸಣ್ಣ ಮೀನು ಇಟ್ಟುಕೊಂಡಿದ್ದೇನೆ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಗಾಜಿನ ತೊಟ್ಟಿ. ಬಾಲ್ಕನಿಯಲ್ಲಿದೆ. ಗಾಳಿ ಪಂಪ್ ಮತ್ತು ಸ್ಪಂಜ್ ಫಿಲ್ಟರ್ ಇದೆ. ಒಳಗೆ ಐವತ್ತು ಮೀನು. ಅರ್ಧ ಸಣ್ಣ ಗೆಂಡೆ, ಅರ್ಧ ರಾಸ್ಬೋರಾ. ಪಕ್ಕದಲ್ಲಿ ಕಪ್ಪು ಗೆರೆ ಎಳೆದ ಹಾಗೆ ಇರುತ್ತಲ್ಲ, ಅದು.

ಸ್ವಚ್ಛತೆಯಲ್ಲಿ ನನ್ನದು ಒಂದು ಚೂರೂ ಕಡಿಮೆ ಇಲ್ಲ. ಪ್ರತಿ ಭಾನುವಾರ ಮೀನನ್ನೆಲ್ಲಾ ಬಕೆಟ್ಟಿಗೆ ಹಾಕಿ ತೊಟ್ಟಿ ತೊಳೆಯುತ್ತೇನೆ. ಕಲ್ಲು ಉಜ್ಜುತ್ತೇನೆ. ಸ್ಪಂಜನ್ನು ನಲ್ಲಿ ಕೆಳಗೆ ಹಿಡಿದು ತಿಳಿ ನೀರು ಬರೋವರೆಗೂ ಹಿಂಡುತ್ತೇನೆ. ಶನಿವಾರವೇ ಡ್ರಮ್ಮಿಗೆ ತುಂಬಿಟ್ಟ ನೀರು ಹಾಕುತ್ತೇನೆ. ಆಂಟಿಕ್ಲೋರಿನ್ ಹನಿಯನ್ನೂ ಬಿಡುತ್ತೇನೆ. ಸೋಮವಾರ ಎಲ್ಲಾ ಚೆನ್ನಾಗಿರುತ್ತವೆ. ಮಂಗಳವಾರ ರಾತ್ರಿ ಒಂದೊಂದಾಗಿ ಮೇಲೆ ಬಂದು ಬಾಯಿ ಬಾಯಿ ಬಿಡುತ್ತವೆ. ಬುಧವಾರ ಬೆಳಿಗ್ಗೆ ಎಂಟು ಹತ್ತು ಸತ್ತು ತೇಲುತ್ತಿರುತ್ತವೆ. ಹೋದ ವಾರ ಹದಿನೇಳು. ಮೀನಿನಂಗಡಿಯವರು ನೀಲಿ ಔಷಧಿ ಕೊಟ್ಟರು. ಎರಡು ಸೀಸೆ ಮುಗಿಯಿತು, ಬಾಲ್ಕನಿ ಟೈಲ್ಸ್ ನೀಲಿ ಆಯಿತು, ಬುಧವಾರ ಮಾತ್ರ ತಪ್ಪಲಿಲ್ಲ.

ಬೇಸಿಗೆಯಾದ್ದರಿಂದ ನಮ್ಮ ಸೊಸೈಟಿಗೆ ಟ್ಯಾಂಕರ್ ನೀರೂ ಬರುತ್ತೆ. ಅದರ ತಪ್ಪೇ ಇರಬಹುದಾ? "ನೀವು ಹಿಡಿದು ತಂದದ್ದಕ್ಕಿಂತ ಸಾಯಿಸಿದ್ದೇ ಜಾಸ್ತಿ" ಅಂತ ಮನೆಯವಳು ಹೇಳುತ್ತಾಳೆ. ಎದುರು ಮಾತಾಡೋ ಹಾಗಿಲ್ಲ.

ಡೊಂಬಿವಲಿ ಭಟ್ರು:

ಸರ್, ನಿಮ್ಮ ಮೀನನ್ನು ಸಾಯಿಸುತ್ತಿರುವುದು ಆ ಸ್ವಚ್ಛತೆಯೇ. ಬೇಜಾರು ಮಾಡಿಕೊಳ್ಳಬೇಡಿ. ಮೊದಲ ತೊಟ್ಟಿಯನ್ನು ನಾನೂ ಹೀಗೇ ತಿಕ್ಕಿ ತಿಕ್ಕಿ ಹಾಳು ಮಾಡಿದವನು.

ಸಾವಿನ ಹೊತ್ತು ನೋಡಿ. ಕ್ಲೋರಿನ್ ಕಾರಣವಾಗಿದ್ದರೆ ಭಾನುವಾರವೇ, ಗಂಟೆಗಳಲ್ಲೇ ಗೊತ್ತಾಗುತ್ತಿತ್ತು. ನಿಮಗೆ ಎರಡು ಮೂರು ದಿನ ಬೇಕಾಗುತ್ತಿದೆ. ಅಂದರೆ ವಿಷ ಹೊರಗಿಂದ ಬಂದಿಲ್ಲ, ತೊಟ್ಟಿಯೊಳಗೇ ತಯಾರಾಗುತ್ತಿದೆ. ಮೀನು ಕಿವಿರಿನಿಂದ ಅಮೋನಿಯಾ ಬಿಡುತ್ತೆ. ಮಿಕ್ಕ ತಿಂಡಿ ಕೊಳೆತರೂ ಅಮೋನಿಯಾವೇ. ಸ್ಪಂಜಿನಲ್ಲಿ, ಕಲ್ಲಿನ ಮೇಲೆ ಕೂತ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ. ಆಮೇಲೆ ಅಷ್ಟೇನೂ ತೊಂದರೆ ಇಲ್ಲದ ನೈಟ್ರೇಟ್ ಮಾಡುತ್ತವೆ. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾ ಸರಿಯಾಗಿ ನೆಲೆಯೂರೋಕೆ 4ರಿಂದ 6 ವಾರ ಬೇಕು. ನೀವು ಏಳು ದಿನಕ್ಕೊಮ್ಮೆ ಕ್ಲೋರಿನ್ ನೀರಿನಲ್ಲಿ ಹಿಂಡಿ ಕೊಲ್ಲುತ್ತಿದ್ದೀರಿ. ಆ ನೀಲಿ ಔಷಧಿ, ಅಂದ್ರೆ ಮೆಥಿಲೀನ್ ಬ್ಲೂ, ಉಳಿದವನ್ನೂ ಮುಗಿಸಿರುತ್ತೆ.

ಟ್ಯಾಂಕರ್ ಬಗ್ಗೆ ಒಂದು ಮಾತು. ಬೋರ್ ನೀರಾದರೆ ಸಾಮಾನ್ಯವಾಗಿ ಗಡಸು, ಪಿಎಚ್ (ನೀರು ಹುಳಿಯೋ ಕ್ಷಾರವೋ ಅನ್ನೋ ಅಳತೆ) ಕೂಡ ಜಾಸ್ತಿ ಇರಬಹುದು. ಪಿಎಚ್ 7ರಿಂದ 8ಕ್ಕೆ ಏರಿದರೆ ಅಮೋನಿಯಾದ ವಿಷದ ಪಾಲು ಹೆಚ್ಚೂಕಡಿಮೆ ಹತ್ತು ಪಟ್ಟಾಗುತ್ತೆ. ಬಿಸಿಲಿಗೆ ಇನ್ನೂ ಏರುತ್ತೆ. ಹಾಗಾಗಿ ಟ್ಯಾಂಕರ್ ಕೊಲೆಗಾರನಲ್ಲ, ಜೊತೆಗಾರ.

ಮಾಡಬೇಕಾದ್ದು ಇಷ್ಟು. ಸ್ಪಂಜನ್ನು ನಲ್ಲಿಗೆ ತೋರಿಸಲೇಬೇಡಿ. ತೊಟ್ಟಿಯದೇ ನೀರನ್ನು ಒಂದು ಚೊಂಬಿಗೆ ತೆಗೆದು ಅದರಲ್ಲಿ ಎರಡು ಸಲ ಮೆಲ್ಲಗೆ ಹಿಂಡಿ, ಸಾಕು. ಅದೂ ತಿಂಗಳಿಗೊಮ್ಮೆ. ವಾರಕ್ಕೆ ಕಾಲು ಭಾಗ ನೀರು ಮಾತ್ರ ಬದಲಿಸಿ. ಮೀನು ಹೊರಗೆ ತೆಗೆಯಬೇಡಿ. ನಿಮ್ಮ ತೊಟ್ಟಿ ತುಂಬಾ ತುಂಬಿದರೂ 56 ಲೀಟರ್. ಕಲ್ಲು, ಮೇಲಿನ ಜಾಗ ಕಳೆದರೆ 45 ಉಳಿಯಬಹುದು. ಅದಕ್ಕೆ ಐವತ್ತು ಮೀನು ಅಂದ್ರೆ ಬೆಳಗಿನ ಎಂಟರ ಡೊಂಬಿವಲಿ ಲೋಕಲ್ ರೈಲಿನ ನೂಕುನುಗ್ಗಲು ಆಯಿತು. ಅರ್ಧ ಮಾಡಿ. ಯಾರಾದರೂ ಸ್ನೇಹಿತರ ಹಳೇ ತೊಟ್ಟಿ ಚೆನ್ನಾಗಿ ನಡೆಯುತ್ತಿದ್ದರೆ ಅವರ ಸ್ಪಂಜ್ ಹಿಂಡಿದ ಕೊಳೆ ನೀರು ಒಂದು ಬಾಟಲಿ ಕೇಳಿ ತಗೊಂಡು ಬನ್ನಿ. ಅದು ಹಾಲಿಗೆ ಹೆಪ್ಪು ಇದ್ದ ಹಾಗೆ.

ಅಮೋನಿಯಾ ಪರೀಕ್ಷೆಯ ಹನಿ ಕಿಟ್ ಒಂದು ತಗೊಳ್ಳಿ. ಸುಮ್ನೆ ಔಷಧಿಗೆ ಸುರಿಯೋ ದುಡ್ಡಿಗಿಂತ ಅದು ಮೇಲು.

ಪಿಂಪ್ರಿ ಅಜ್ಜ:

ಇಷ್ಟೆಲ್ಲಾ ರಗಳೆ ಯಾಕಪ್ಪಾ? ಅಲ್ಲೇ ದಡದಲ್ಲಿ ಹಿಡಿದು ಅಲ್ಲೇ ಸಿಕ್ಕಿಸು. ಮನೆಯಿಂದ ಒಯ್ದದ್ದು ಮಿಕ್ಕರೆ ಏನು ಮಾಡ್ತೀಯಾ, ನೀರಿಗೆ ಬಿಡ್ತೀಯಾ? ಬಿಡಬೇಡ. ತೊಟ್ಟಿಯ ರೋಗವೂ ಅದರ ಜೊತೆ ಹೋಗುತ್ತೆ. ನೀನು ಬೈಯೋ ಚಿಲಾಪಿ ಜಾತಿಯೂ ಈ ದೇಶದ್ದಲ್ಲ, ಆಫ್ರಿಕಾದ ಮೀನು, 1952ರಲ್ಲಿ ತಂದು ಬಿಟ್ಟದ್ದು. ಈಗ ನೋಡು, ನಿನ್ನ ಎರೆಹುಳ ಅದೇ ತಿಂತಾ ಇದೆ. ಇನ್ನೊಂದು, ಜಲಾಶಯದ ಮೀನನ್ನು ಸಹಕಾರಿ ಸಂಘಗಳಿಗೆ ಗುತ್ತಿಗೆ ಕೊಟ್ಟಿರ್ತಾರೆ. ದಡದ ದೋಣಿಯವರನ್ನು ಕೇಳಿಕೊಂಡು ಕೂರು.

ವಾಸ್ಕೋ ಕಾರವಾರಿ:

ಅಜ್ಜ ಹೇಳಿದ್ದು ಸರಿ, ಆದ್ರೆ ಬೇಸಿಗೆಯಲ್ಲಿ ದಡದಲ್ಲಿ ಸಣ್ಣ ಮೀನು ಸಿಗೋದಕ್ಕೇ ಅರ್ಧ ದಿನ ಹೋಗುತ್ತೆ ಮಾರಾಯ್ರೆ. ನಾನು ಗೋವಾದ ಜುವಾರಿ ನದಿಯಲ್ಲಿ ಚೋಣಕ್ ಮೀನಿಗೆ ಜೀವಂತ ಸಿಗಡಿ ಒಯ್ಯುವವನು. ಉಪ್ಪು ನೀರಿನ ಲೆಕ್ಕ ಬೇರೆ, ಬಕೆಟ್ಟಿನ ಲೆಕ್ಕ ಒಂದೇ.

ತೊಟ್ಟಿ ಸರಿಯಾಯ್ತು ಅಂದ್ಕೊಳ್ಳಿ. ಭಿಗವಣ್ ಮುಟ್ಟೋಕೆ ನೂರು ಕಿಲೋಮೀಟರ್, ಮುಚ್ಚಿದ ಡಿಕ್ಕಿ. ಅಲ್ಲೂ ಸಾಯುತ್ತವೆ. ಹೊರಡುವ ಹಿಂದಿನ ದಿನ ತಿಂಡಿ ಹಾಕಬೇಡಿ. ಹೊಟ್ಟೆ ಖಾಲಿ ಇದ್ದರೆ ಬಕೆಟ್ ನೀರು ಬೇಗ ಕೆಡಲ್ಲ. ಬಕೆಟ್ಟಿಗೆ ತೊಟ್ಟಿಯದೇ ನೀರು. ಲೀಟರಿಗೆ 3 ಗ್ರಾಂ ಕಲ್ಲುಪ್ಪು. ಬ್ಯಾಟರಿ ಪಂಪ್ ಇರಲಿ. ನೀರು 20 ಡಿಗ್ರಿಯಲ್ಲಿ ಲೀಟರಿಗೆ 9 ಮಿಲಿಗ್ರಾಂ ಆಮ್ಲಜನಕ ಹಿಡಿಯುತ್ತೆ, 30 ಡಿಗ್ರಿಗೆ ಏಳೂವರೆಗೆ ಇಳಿಯುತ್ತೆ. ಅದಕ್ಕೆ ಅರ್ಧ ಲೀಟರ್ ಬಾಟಲಿಯಲ್ಲಿ ನೀರು ಹೆಪ್ಪುಗಟ್ಟಿಸಿ, ಬಿಗಿಯಾಗಿ ಮುಚ್ಚಿ, ಬಕೆಟ್ಟಿನಲ್ಲಿ ತೇಲಿಬಿಡಿ. ಬರ್ಫವನ್ನೇ ಒಳಗೆ ಹಾಕಬೇಡಿ. ನಲ್ಲಿ ನೀರಿನ ಬರ್ಫ ಕರಗಿದರೆ ಕ್ಲೋರಿನ್ ಬರಬಹುದು, ತಣ್ಣಗಾಗೋದೂ ಒಮ್ಮೆಲೇ ಆಗುತ್ತೆ.

ಕೈಯಿಂದ ಹಿಡಿಯಬೇಡಿ. ಒಣ ಕೈ ತಾಗಿದರೆ ಮೈಮೇಲಿನ ಲೋಳೆ ಹೋಗುತ್ತೆ. ಮೂರು ದಿನಕ್ಕೆ ಅಲ್ಲೇ ಹತ್ತಿಯಂಥ ಬೂಸಲು ಬರುತ್ತೆ. ನಮ್ಮನೆಯಲ್ಲಿ ಚಹಾ ಸೋಸುವ ದೊಡ್ಡ ಜಾಲರಿ ಒಂದು ಇದಕ್ಕೇ ಅಂತ ಇದೆ. ಅಮ್ಮನಿಗೆ ಗೊತ್ತಾಗೋವರೆಗೂ ಅದು ಎರಡೂ ಕೆಲಸಕ್ಕಿತ್ತು.

ಧಾಯರಿ ಗಾಳ:

ಐದು ವಾರ ಆಯಿತು, ವರದಿ ಒಪ್ಪಿಸುತ್ತಿದ್ದೇನೆ.

ಮೀನು ಇಪ್ಪತ್ತಾರಕ್ಕೆ ಇಳಿಸಿದೆ. ಆಫೀಸಿನ ಸ್ನೇಹಿತನ ಕೋಥ್ರೂಡ್ ಮನೆಗೆ ಹೋಗಿ ಕೊಳೆ ನೀರು ಕೇಳಿದೆ. ಅವನು ಎರಡು ಸಲ "ಕೊಳೆಯೇ ಬೇಕಾ?" ಅಂತ ಕೇಳಿ ಕೊಟ್ಟ. ಕಿಟ್ ತಂದೆ. ಹಳದಿ ಇದ್ದರೆ ಅಮೋನಿಯಾ ಇಲ್ಲ, ಹಸಿರಾದಷ್ಟೂ ಜಾಸ್ತಿ. ಮೊದಲ ಮಂಗಳವಾರ ಗಿಳಿ ಬಣ್ಣ ಬಂತು. ತಕ್ಷಣ ಕಾಲು ಭಾಗ ನೀರು ಬದಲಿಸಿದೆ, ಮರುದಿನ ಮತ್ತೆ ಕಾಲು. ಆ ಬುಧವಾರ ಮೂರು ಸತ್ತವು. ಮುಂದಿನ ವಾರ ಒಂದು. ಅಲ್ಲಿಂದೀಚೆಗೆ ಇಲ್ಲ. ಮೂರು ವಾರದಿಂದ ಹನಿ ಹಳದಿಯಾಗೇ ಇದೆ.

ಗುರುವಾರ ನಮ್ಮ ಏರಿಯಾಕ್ಕೆ ನೀರು ಬಂದ್ ಇತ್ತು. ಶುಕ್ರವಾರ ಬಂದದ್ದು ಮಣ್ಣು ಬಣ್ಣ. ಮೊದಲಾಗಿದ್ದರೆ ಗಾಬರಿಯಾಗುತ್ತಿದ್ದೆ. ಈ ಸಲ ಆ ವಾರ ನೀರು ಬದಲಿಸಲೇ ಇಲ್ಲ. ಏನೂ ಆಗಲಿಲ್ಲ.

ಒಂದು ಮೀನು ಬೇರೆ ರೀತಿ ಹೋಯಿತು. ರಾತ್ರಿ ಹಾರಿ ಬಿದ್ದು ಚಪ್ಪಲಿ ಸ್ಟ್ಯಾಂಡಿನ ಹಿಂದೆ ಒಣಗಿತ್ತು. ವಾಸನೆಯಿಂದ ಗೊತ್ತಾಯಿತು. ಈಗ ಮೇಲೆ ಸೊಳ್ಳೆ ಪರದೆಯ ತುಂಡು ಕಟ್ಟಿದ್ದೇನೆ.

ಕೊರಮೀನು? ಒಂದು ಸಿಕ್ಕಿತು. ಮೊಣಕೈವರೆಗೆ ಉದ್ದ. ಹನ್ನೆರಡು ಮೀನು ಒಯ್ದಿದ್ದೆ, ನಾಲ್ಕು ಮಿಕ್ಕವು. ಅಜ್ಜ, ನೀರಿಗೆ ಬಿಡಲಿಲ್ಲ, ವಾಪಸ್ ತಂದು ತೊಟ್ಟಿಗೇ ಹಾಕಿದೆ.

ಈಗ ಹೊಸ ಚಿಂತೆ. ಎಂಟು ದಿನ ಊರಿಗೆ ಹೋಗಬೇಕು. ಪಕ್ಕದ ಫ್ಲ್ಯಾಟಿನ ಕಾಕೂ ದಿನಾ ತಿಂಡಿ ಹಾಕ್ತೀನಿ ಅಂತ ಒಪ್ಪಿದ್ದಾರೆ. ಎಷ್ಟು ಹಾಕೋಕೆ ಹೇಳಲಿ?

ಡೊಂಬಿವಲಿ ಭಟ್ರು:

ಏನೂ ಹೇಳಬೇಡಿ. ಬೆಳೆದ ಮೀನು ಎಂಟು ದಿನ ಉಪವಾಸ ಇದ್ದರೆ ಏನೂ ಆಗಲ್ಲ. ಪ್ರೀತಿಯಿಂದ ಹಾಕುವವರು ಮುಷ್ಟಿಗಟ್ಟಲೆ ಹಾಕುತ್ತಾರೆ, ನೀವು ಬರೋ ಹೊತ್ತಿಗೆ ಹನಿ ಮತ್ತೆ ಗಿಳಿ ಬಣ್ಣವಾಗಿರುತ್ತೆ. ಕಾಕೂಗೆ ಗಾಳಿ ಪಂಪ್ ನಡೀತಿದೆಯಾ ನೋಡಿ ಅಂತ ಮಾತ್ರ ಹೇಳಿ. ತಿಂಡಿ ಡಬ್ಬಿಯನ್ನು ಊರಿಗೇ ತಗೊಂಡು ಹೋಗಿ.